ನಾನು ಹೊಡೆದುಹಾಕಿದ ಮೂರು ಸಾಲು

ತಮ್ಮಯ್ಯ ಸರ್ ಯಾರಿಗೂ ಶಿಫಾರಸು ಪತ್ರ ಬರೆಯುವುದಿಲ್ಲ. ಸಹಿ ಹಾಕುತ್ತಾರೆ. ಪಾಂಡವಪುರದ ನಮ್ಮ ಕಾಲೇಜಿನಲ್ಲಿ ಅವರೊಬ್ಬರೇ ಹೀಗೆ ಎಂದಲ್ಲ, ಈ ಸೀಮೆಯಲ್ಲಿ ನಾನು ಕಂಡ ಮೇಷ್ಟ್ರುಗಳೆಲ್ಲ ಹೀಗೇ. ಪತ್ರ ಬೇಕಾದವರು ತಮ್ಮ ಬಗ್ಗೆ ತಾವೇ ಬರೆದುಕೊಂಡು ಬರಬೇಕು. ಮೇಷ್ಟ್ರು ಕನ್ನಡಕ ಹುಡುಕಿಕೊಂಡು, ಕೆಳಗೆ ಹೆಸರು ಗೀಚಿ, ಮೊಹರು ಒತ್ತಿ, "ಒಳ್ಳೇದಾಗ್ಲಿ ಹೋಗವ್ವ" ಅನ್ನುತ್ತಾರೆ. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ತನ್ನನ್ನು ತಾನು ಹೊಗಳಿಕೊಳ್ಳುವುದು ಹೇಸಿಗೆ ಎಂದು ಹುಟ್ಟಿದಾಗಿನಿಂದ ಕೇಳಿಸಿಕೊಂಡು ಬೆಳೆದ ಹುಡುಗಿಯ ಕೈಗೆ ಕಾಗದ ಕೊಟ್ಟು, ಈಗ ಕೂತು ನಿನ್ನನ್ನು ನೀನೇ ಹೊಗಳಿಕೊ ಅನ್ನುವುದು ಎಂಥ ಕ್ರೌರ್ಯ ಎಂದು ಯಾರೂ ಯೋಚಿಸುವುದಿಲ್ಲ.

ಆಫ್ರೀನ್ ತಮ್ಮಯ್ಯ ಸರ್ ಅವರ ಶಿಷ್ಯೆ. ಈಗ ಅದೇ ರಸಾಯನಶಾಸ್ತ್ರ ವಿಭಾಗದಲ್ಲಿ ಅವರ ಕೈಕೆಳಗೆ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಎಂಥ ಅತಿಥಿ! ಐದು ವರ್ಷದಿಂದ ಪ್ರತಿ ಬೇಸಿಗೆಗೆ ಹೊರಗೆ ಹಾಕಿಸಿಕೊಂಡು ಪ್ರತಿ ಮಳೆಗಾಲಕ್ಕೆ ಮತ್ತೆ ಅರ್ಜಿ ಹಿಡಿದು ಬಂದು ನಿಲ್ಲುವ ಅತಿಥಿ. ಕಳೆದ ವರ್ಷ ಅದಕ್ಕೂ ಕಲ್ಲು ಬಿತ್ತು. ನೆಟ್ಟೋ ಕೆ-ಸೆಟ್ಟೋ ಎಂಬ ಅರ್ಹತಾ ಪರೀಕ್ಷೆಯೋ ಪಿಎಚ್‌ಡಿಯೋ ಇಲ್ಲದವರಿಗೆ ಮುಂದಿನ ವರ್ಷದಿಂದ ಪಾಠವಿಲ್ಲ ಎಂಬ ನಿಯಮ ಬಿಗಿಯಾಯಿತು. ಆಫ್ರೀನ್ ಕೆ-ಸೆಟ್ಟಿನಲ್ಲಿ ಎರಡು ಸಲ ಅಂಚಿನಲ್ಲಿ ಜಾರಿದವಳು. ಇಲ್ಲೇ ಪಿಎಚ್‌ಡಿ ಮಾಡೋಣವೆಂದರೆ, ಅವಳ ಸೀನಿಯರುಗಳು ಪಡೆದು ಓದಿದ್ದ ಅಲ್ಪಸಂಖ್ಯಾತರ ಸಂಶೋಧನಾ ಫೆಲೋಷಿಪ್ಪನ್ನು ಅಷ್ಟು ಹೊತ್ತಿಗೆ ದಿಲ್ಲಿಯವರು ನಿಲ್ಲಿಸಿಬಿಟ್ಟಿದ್ದರು. ಒಂದು ಸುತ್ತೋಲೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ಚಿಲಕದ ಸದ್ದು ಹಾಕಿದವನಿಗೆ ಕೇಳಿಸುವುದೇ ಇಲ್ಲ.

ಅವಳು ಹೊರದೇಶದ ಕಡೆ ನೋಡಿದ್ದು ಹಾಗೆ. ಎಂಟು ತಿಂಗಳು, ದಿನಾ ಮಧ್ಯಾಹ್ನ ಊಟದ ಡಬ್ಬಿ ಮುಗಿಸಿ, ಸ್ಟಾಫ್ ರೂಮಿನ ಮೂಲೆಯಲ್ಲಿ ಮೊಬೈಲು ಹಿಡಿದು ಕೂರುತ್ತಿದ್ದಳು. ಮೈಸೂರಿನ ಕನ್ಸಲ್ಟೆನ್ಸಿಗಳ ಬೋರ್ಡುಗಳೆಲ್ಲ ಸಾಲ ಮಾಡಿ ಎಂಎಸ್ ಓದಿ ಅನ್ನುತ್ತವೆಯೇ ಹೊರತು ಒಂದೂ ಈ ಗುಟ್ಟು ಹೇಳುವುದಿಲ್ಲ. ಅದನ್ನು ಅವಳೇ ಕಂಡುಕೊಂಡಳು.

"ಪ್ರಮೀಳಕ್ಕ, ಅಲ್ಲಿ ಪಿಎಚ್‌ಡಿ ಅಂದ್ರೆ ಕೆಲ್ಸ ಅಂತೆ ಕಣಕ್ಕ. ಪೇಪರ್‌ನಲ್ಲಿ ಕೆಲ್ಸ ಖಾಲಿ ಐತೆ ಅಂತ ಹಾಕಲ್ವಾ, ಹಂಗೇ ಯೂನಿವರ್ಸಿಟಿಯೋರೇ ಹಾಕ್ತಾರೆ. ನಾಲ್ಕು ವರ್ಷ ಸಂಬಳ ಕೊಡ್ತಾರೆ. ಫೀಸ್ ಇಲ್ಲ."

"ಓದಕ್ಕೆ ಸಂಬಳ ಕೊಡ್ತಾರಾ? ಯಾಮಾರ್ಸೋರಿರಬೇಕು, ಹುಷಾರು" ಎಂದು ನಾನೇ ನಕ್ಕಿದ್ದೆ. ನಾನು ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಇಪ್ಪತ್ತು ವರ್ಷದಿಂದ ಕಾಯಂ. ನನಗೇ ಗೊತ್ತಿರಲಿಲ್ಲ.

ನಲವತ್ತೊಂದು ಮಂದಿ ಪ್ರೊಫೆಸರುಗಳಿಗೆ ಮೇಲ್ ಬರೆದಳು. ಒಂಬತ್ತು ಉತ್ತರ ಬಂದವು. ಎಂಟರಲ್ಲಿ ಜಾಗ ಇಲ್ಲ ಎಂದಿತ್ತು. ಒಂಬತ್ತನೆಯದು ನೆದರ್‌ಲ್ಯಾಂಡ್ಸಿನ ಒಬ್ಬ ಹೆಂಗಸಿನದು. ನಾಲೆ ನೀರು ನಿಂತ ಹೊಲಗಳಲ್ಲಿ ಉಪ್ಪು ಹೇಗೆ ಮೇಲೇಳುತ್ತದೆ, ಪಕ್ಕದ ಬಾವಿಗೆ ಹೇಗೆ ಇಳಿಯುತ್ತದೆ ಎಂಬುದರ ಮೇಲೆ ಆಕೆಯ ಕೆಲಸ. ಒಂದೇ ಜಾಗ ಇದೆ, ಅರ್ಜಿ ಹಾಕಿ, ನಿಮ್ಮ ನಾಡಿನ ಅನುಭವ ಇರುವವರೇ ಬೇಕು ಎಂದು ಬರೆದಿದ್ದರು. ಆಫ್ರೀನ್ ಅದನ್ನು ಮೂರು ಸಲ ನನ್ನ ಕೈಯಲ್ಲಿ ಓದಿಸಿದಳು. ಕೆ.ಆರ್. ಪೇಟೆಯ ಕಡೆಯ ಬಾವಿಗಳ ನೀರನ್ನು ಆರು ಬೇಸಿಗೆ ಬಾಟಲಿಯಲ್ಲಿ ಹೊತ್ತು ತಂದವಳು ಅವಳು. ಆ ಕೆಲಸ ಅವಳಿಗಾಗಿಯೇ ಕರೆದಂತಿತ್ತು.

ಅರ್ಜಿಯ ಜೊತೆ ಬಹು ಮುಖ್ಯವಾಗಿ ಬೇಕಾದದ್ದು, ಅವಳ ಕೆಲಸ ಹತ್ತಿರದಿಂದ ಕಂಡ ಮೇಷ್ಟ್ರ ಪತ್ರ.

"ನನ್ ಕೈಲಿ ಯಾಕವ್ವ ಬರುಸ್ತೀಯ? ನಿನ್ ವಿಚಾರ ನಿಂಗಿಂತ ನಂಗ್ ಚೆನ್ನಾಗ್ ಗೊತ್ತಾ? ಬರ್ಕೊಂಡ್ ಬಾ, ಸೈನ್ ಹಾಕ್ಬುಡ್ತೀನಿ" ಅಂದರು ತಮ್ಮಯ್ಯ ಸರ್. "ಇಂಗ್ಲಿಷ್ನ ಪ್ರಮೀಳಮ್ಮಂಗೆ ತೋರ್ಸು. ನಾನು ನೋಡುದ್ರೆ ಇರೋದೂ ಕೆಟ್ಟೋಯ್ತದೆ."

ಅವಳು ಎರಡು ದಿನ ಒದ್ದಾಡಿ ಒಂದು ಪುಟ ಬರೆದು ತಂದಳು. ಅರ್ಧಕ್ಕರ್ಧ, ಸಮಯಕ್ಕೆ ಸರಿಯಾಗಿ ಬರುತ್ತಾಳೆ, ರಜೆ ಹಾಕುವುದಿಲ್ಲ, ಲ್ಯಾಬು ಚೊಕ್ಕಟವಾಗಿಡುತ್ತಾಳೆ. ಓದುತ್ತಾ ನನಗೇ ನಗು ಬಂತು.

"ಏನೇ ಇದು, ಮದುವೆ ಬ್ರೋಕರ್‌ಗೆ ಕೊಡೋ ಚೀಟಿನಾ?"

"ಇನ್ನೇನಕ್ಕ ಬರೀಲಿ? ನಾನು ಬಾಳ ಬುದ್ವಂತೆ ಅಂತ ನಾನೇ ಬರ್ಕೊಳ್ಳಾ? ನಾಚ್ಕೆ ಆಗಲ್ವಾ?"

ಆದರೆ ಆ ಪುಟದ ನಡುವೆ ಮೂರು ಸಾಲು ಬೇರೆಯ ಬಣ್ಣದವು. ಹೊಸಹೊಳಲಿನ ಆಚೆಯ ಹದಿನೇಳನೇ ಬಾವಿಯ ಕತೆ ಅದು. ತಮ್ಮಯ್ಯ ಸರ್ ಪ್ರತಿ ಬೇಸಿಗೆ ವಿದ್ಯಾರ್ಥಿಗಳಿಂದ ಇಪ್ಪತ್ತೆರಡು ಬಾವಿಗಳ ನೀರು ತರಿಸಿ ಉಪ್ಪು ಅಳೆದು ಪಟ್ಟಿ ಮಾಡುತ್ತಿದ್ದರು. ಮೈಸೂರಿನಿಂದ ಬಂದ ಪರಿಣತರ ಮುಂದೆ ಆ ಪಟ್ಟಿಯನ್ನು ಪರದೆಯ ಮೇಲೆ ತೋರಿಸುತ್ತಿದ್ದಾಗ ಆಫ್ರೀನ್ ಎದ್ದು ನಿಂತು, ಹದಿನೇಳನೇ ಬಾವಿಯೇ ಇಲ್ಲ, ಅದನ್ನು ಮುಚ್ಚಿ ಮೇಲೆ ದನದ ಕೊಟ್ಟಿಗೆ ಕಟ್ಟಿ ಮೂರು ವರ್ಷವಾಯಿತು, ಆ ಬಾವಿಗೆ ಹೋಗಬೇಕಾದ ಹುಡುಗರು ಮನೆಯಲ್ಲೇ ಕೂತು ಅಂಕಿ ಬರೆದಿದ್ದಾರೆ ಅಂದಿದ್ದಳು. ತುಂಬಿದ ಸಭೆಯಲ್ಲಿ. ಸರ್ ಮುಖ ಕೆಂಪಾಗಿ "ಕೂತ್ಕೊ" ಅಂದರು. ಮೂರು ವಾರ ಮಾತು ಬಿಟ್ಟರು. ಆಮೇಲೆ ಒಂದು ಭಾನುವಾರ ಯಾರಿಗೂ ಹೇಳದೆ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿ, ಕೊಟ್ಟಿಗೆ ನೋಡಿ, ಸೋಮವಾರ ಬಂದು ಪಟ್ಟಿಯಿಂದ ಆ ಬಾವಿಯ ಮೂರು ವರ್ಷ ಅಳಿಸಿದರು. ಇದನ್ನು ಅವಳು ಮೂರೇ ಸಾಲಿನಲ್ಲಿ, ನಾಚಿಕೆಯಿಂದಲೇ, ಬರೆದಿದ್ದಳು.

ನಾನು ಕೆಂಪು ಪೆನ್ನು ತೆಗೆದು ಆ ಮೂರು ಸಾಲಿನ ಮೇಲೆ ಗೀಟು ಎಳೆದೆ.

"ಇದು ಬೇಡ ಕಣೆ."

"ಯಾಕಕ್ಕ?"

"ಮೇಷ್ಟ್ರಿಗೇ ತಿರುಗಿ ಮಾತಾಡ್ತಾಳೆ ಅಂದ್ಕೊಳಲ್ವಾ? ನಾಳೆ ನಮ್ಗೂ ಹಿಂಗೇ ಮಾಡ್ತಾಳೆ ಅನ್ನಲ್ವಾ? ಗೊತ್ತಿಲ್ದಿರೋ ಜನ. ತಂಟೆ ಇಲ್ದೋಳು ಅಂತಿರ್ಲಿ."

ಅವಳು ಒಂದು ಕ್ಷಣ ಗೀಟನ್ನೇ ನೋಡಿದಳು. "ಹೂಂ ಅಕ್ಕ, ಅದೂ ಸರಿನೇ" ಅಂದಳು.

ಆ ಜಾಗಕ್ಕೆ ನಾನೇ ಒಂದು ವಾಕ್ಯ ಹೊಸೆದೆ. ಈಕೆ ವಿಧೇಯಳು, ಮೃದುಭಾಷಿ, ಹಿರಿಯರ ಮಾತಿಗೆ ಒಮ್ಮೆಯೂ ಎದುರಾಡಿದವಳಲ್ಲ. ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಬರೆದು, ಚೆನ್ನಾಗಿದೆ ಎಂದು ನಾನೇ ಬೀಗಿದೆ.

ಯಾರು ನಾನು? ಪ್ರತಿ ತಿಂಗಳ ಎರಡನೇ ಭಾನುವಾರ ಓದು ಬಳಗದಲ್ಲಿ ಹದಿನೈದು ಜನರ ನಡುವೆ ಕೂತು, ಪ್ರಶ್ನೆ ಕೇಳದ ಸಮಾಜ ಸತ್ತ ಸಮಾಜ ಎಂದು ಮೇಜು ಕುಟ್ಟುವವಳು. ನಾಗಮಂಗಲದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಮುಂದೆ ಧರಣಿ ಕೂತಾಗ ಮೈಕು ಹಿಡಿದವಳು. ನನ್ನ ಬ್ಯಾಗಿನಲ್ಲಿ ಅವತ್ತೂ ಒಂದು ಕರಪತ್ರವಿತ್ತು. ಆದರೂ ಕೈ ತಾನಾಗಿ ಗೀಟು ಎಳೆಯಿತು. ರಜೆ ಅರ್ಜಿಯ ಕೊನೆಗೆ 'ತಮ್ಮ ವಿಧೇಯ ವಿದ್ಯಾರ್ಥಿನಿ' ಎಂದು ಬರೆದು ಬರೆದು ಬೆಳೆದ ಕೈ. ಆ ಮಾತನ್ನು ನಮ್ಮ ಬೆರಳುಗಳಿಗೆ ಕಲಿಸಿದವರು ಎಂದೋ ಹಡಗು ಹತ್ತಿ ಹೋದರು. ಬೆರಳುಗಳು ಇಲ್ಲೇ ಉಳಿದವು.

ತಮ್ಮಯ್ಯ ಸರ್ ಓದಲಿಲ್ಲ. ಸಹಿ ಹಾಕಿದರು. ಪತ್ರವನ್ನು ಅವರ ಮೇಲ್‌ನಿಂದಲೇ ಕಳಿಸಬೇಕಿತ್ತು. "ತಕಾ, ನೀನೇ ಹಾಕ್ಬುಡವ್ವ" ಎಂದು ಮೊಬೈಲನ್ನೇ ಅವಳ ಕೈಗಿಟ್ಟು ಪರೀಕ್ಷೆ ಕೊಠಡಿಗೆ ಹೋದರು. ತನ್ನ ಬಗ್ಗೆ ತಾನು ಬರೆದು, ನಾನು ತಿದ್ದಿ, ಅವರು ಓದದ ಪತ್ರವನ್ನು ಅವಳೇ ಅವರ ಹೆಸರಿನಲ್ಲಿ ಕಳಿಸಿದಳು.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ನೂರಾರು ಅರ್ಜಿಯಲ್ಲಿ ನಾಲ್ವರನ್ನು ಆರಿಸಿದ್ದಾರೆ. ಸಂದರ್ಶನ ಮುಂದಿನ ಬುಧವಾರ, ನಮ್ಮ ಮಧ್ಯಾಹ್ನ ಎರಡೂವರೆಗೆ, ಕಂಪ್ಯೂಟರಿನಲ್ಲಿ.

"ನೀವು ಬರ್ಲೇಬೇಕಕ್ಕ. ಮುಂದೆ ಸುಮ್ನೆ ಕೂತಿರಿ ಸಾಕು. ನೀವಿದ್ರೆ ಧೈರ್ಯ" ಅಂದಳು. ನಾನು ಅರ್ಧ ದಿನ ರಜೆ ಹಾಕಿ, ನನ್ನ ಲ್ಯಾಪ್‌ಟಾಪು ಹಿಡಿದು ಶ್ರೀರಂಗಪಟ್ಟಣದ ಗಂಜಾಮಿನ ಅವರ ಮನೆಗೆ ಹೋದೆ.

ಎರಡು ಕೋಣೆಯ ಮನೆ. ಅವಳ ತಾಯಿ ಶಾಹಜಹಾನ್ ಬೇಗಂ ಗೋಡೆಗೆ ಹೊಸ ಬೆಡ್‌ಶೀಟು ಕಟ್ಟಿ, ಹೊಲಿಗೆ ಮೆಷಿನ್ನು ಅಡುಗೆಮನೆಗೆ ಸಾಗಿಸಿದ್ದರು. ತಂದೆ ಶಹಾಬುದ್ದೀನ್ ಅವತ್ತು ಬಾಡಿಗೆಗೆ ಹೋಗಿರಲಿಲ್ಲ. ಅವರ ಗೂಡ್ಸ್ ಆಟೋದಲ್ಲಿಯೇ ಆರು ಬೇಸಿಗೆ ಆ ನೀರಿನ ಬಾಟಲಿಗಳು ಬಂದಿದ್ದು. ಬೆಲ್ಲದ ಮೂಟೆಗಳ ನಡುವೆ ಒಂದು ಕ್ರೇಟು ಸದಾ ಮಗಳಿಗೆ ಮೀಸಲು.

"ಮೇಡಮ್, ಅಲ್ಲಿ ಚಳಿ ಜಾಸ್ತಿ ಅಂತಲ್ಲ, ಖರೇನಾ?" ಶಾಹಜಹಾನ್ ಬೇಗಂ ನನಗೆ ಚಹಾ ಕೊಡುತ್ತಾ ಕೇಳಿದರು.

"ಮೊದ್ಲು ಕೆಲ್ಸ ಸಿಗ್ಲಿ ಅಮ್ಮಿ."

"ಸಿಕ್ತದೆ ಬೇಟಿ. ಚಳಿದು ಮೊದ್ಲೇ ಕೇಳ್ಬೇಕು, ಸ್ವೆಟರ್ ಹಾಕಕ್ಕೆ ನಂಗೆ ಟೈಮ್ ಬೇಡ್ವಾ?"

ಎರಡೂವರೆಗೆ ಐದು ನಿಮಿಷವಿದೆ ಅನ್ನುವಾಗ ಶಹಾಬುದ್ದೀನ್ ಹೊರಗೆ ಹೋಗಿ ಗಲ್ಲಿಯ ಬಾಯಿಗೆ ಆಟೋ ಅಡ್ಡ ನಿಲ್ಲಿಸಿದರು. ಹಾರ್ನ್ ಬಾರಿಸಿದ ಒಬ್ಬನಿಗೆ ಅವರು ಗದರಿದ್ದು ಒಳಗೂ ಕೇಳಿಸಿತು. "ಲೇ, ಬಾಯ್ ಮುಚ್ಚಿಸ್ಲಾ ಅದುರ್ದು! ನನ್ ಮಗಳು ಪರದೇಶದ ಜೊತೆ ಮಾತಾಡ್ತಾವ್ಳೆ. ಒಂದ್ ಗಂಟೆ ಈ ಗಲ್ಲಿ ಬಂದ್!"

"ಸ್ಟ್ರೈಕಾ ಚಾಚಾ?"

"ಹೂಂ ಕಣ್ಲಾ, ಸ್ಟ್ರೈಕೇ. ಸುತ್ತಾಕ್ಕೊಂಡ್ ಹೋಗು."

ಪರದೆಯ ಮೇಲೆ ಮೂವರು. ನಡುವೆ ಆ ಪ್ರೊಫೆಸರು, ಬೆಳ್ಳಿ ಕೂದಲು, ದೊಡ್ಡ ನಗು. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಎದುರಿನ ಮಂಚದ ಮೇಲೆ ಕೂತೆ. ಆಫ್ರೀನ್ ಮೊದಲ ಎರಡು ಉತ್ತರಕ್ಕೆ ತಡವರಿಸಿದಳು. ನೀರಿನ ಮಾತು ಬಂದದ್ದೇ ತಡ, ಬೇರೆಯೇ ಹುಡುಗಿಯಾದಳು. ಯಾವ ತಿಂಗಳಲ್ಲಿ ನಾಲೆ ಬಿಟ್ಟರೆ ಯಾವ ಬಾವಿಯ ಉಪ್ಪು ಏರುತ್ತದೆ, ಕಬ್ಬು ಯಾವಾಗ ಹಳದಿಯಾಗುತ್ತದೆ, ಎಲ್ಲ ಕೈಬೀಸಿ ಹೇಳಿದಳು. ಆ ಪ್ರೊಫೆಸರು ಮುಂದಕ್ಕೆ ಬಾಗಿ ಬರೆದುಕೊಳ್ಳುತ್ತಿದ್ದರು. ಆಯಿತು, ಗೆದ್ದಳು ಅಂದುಕೊಂಡೆ.

ಆಗ ಅವರು ಕೇಳಿದರು. ನಿಮ್ಮ ಮೇಷ್ಟ್ರ ಜೊತೆ ನಿಮಗೆ ಎಂದಾದರೂ ಭಿನ್ನಾಭಿಪ್ರಾಯ ಬಂದದ್ದಿದೆಯೇ? ಆಗ ಏನು ಮಾಡಿದಿರಿ? ಒಂದು ಪ್ರಸಂಗ ಹೇಳಿ.

ಆಫ್ರೀನ್‌ಳ ಮುಖದಲ್ಲಿ ಬೆಳಕು ಹತ್ತಿದ್ದನ್ನು ನಾನು ಕಂಡೆ. ಹೊಸಹೊಳಲಿನ ಕೊಟ್ಟಿಗೆ ಅವಳ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದವಳು ಅರೆಗಳಿಗೆ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿದ್ದ ಪ್ರಶ್ನೆ ನನಗೆ ಅರ್ಥವಾಯಿತು. ಪತ್ರದಲ್ಲಿ ಒಮ್ಮೆಯೂ ಎದುರಾಡಿದವಳಲ್ಲ ಎಂದಿದೆ. ಈಗ ಇದನ್ನು ಹೇಳಿದರೆ ಸರ್ ಬರೆದದ್ದು ಸುಳ್ಳಾಗುವುದಿಲ್ಲವೇ?

ನಾನು ಬೇಡ ಎಂದು ತಲೆಯಾಡಿಸಿದೆ.

"ಇಲ್ಲ" ಅಂದಳು ಅವಳು ಇಂಗ್ಲಿಷಿನಲ್ಲಿ, ಪರದೆಯ ಕಡೆ ತಿರುಗಿ. "ನಮ್ಮ ಸರ್ ಬಹಳ ಒಳ್ಳೆಯವರು. ನನಗೆ ಅಂಥ ಸಂದರ್ಭ ಬಂದೇ ಇಲ್ಲ."

ಆ ಹೆಂಗಸು ಒಂದು ಕ್ಷಣ ಕಾದರು, ಇನ್ನೇನಾದರೂ ಬರುತ್ತದೇನೋ ಎಂದು. ಬರಲಿಲ್ಲ. ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ಮುಗಿದ ಮೇಲೆ ಶಾಹಜಹಾನ್ ಬೇಗಂ ಎಲ್ಲರಿಗೂ ಶಾವಿಗೆ ಪಾಯಸ ಬಡಿಸಿದರು. ಶಹಾಬುದ್ದೀನ್ ನನಗೆ ಕೈಮುಗಿದು "ನಿಮ್ ಉಪ್ಕಾರ ಮರೆಯಲ್ಲ ಮೇಡಮ್" ಅಂದರು. ನಾನು ಎರಡು ಬಟ್ಟಲು ತಿಂದೆ.

ಹನ್ನೊಂದನೇ ದಿನ ಇಲ್ಲ ಎಂದು ಬಂತು. ವಿಷಾದಿಸುತ್ತೇವೆ, ಬೇರೊಬ್ಬರನ್ನು ಆರಿಸಿದ್ದೇವೆ, ಮುಂದಿನ ದಾರಿಗೆ ಶುಭವಾಗಲಿ. ಎರಡು ದಿನ ಆಫ್ರೀನ್ ಕಾಲೇಜಿಗೆ ಬರಲಿಲ್ಲ. ಮೂರನೇ ದಿನ ಬಂದು ಪಾಠ ಮಾಡಿದಳು. ಅವಳು ಅಳಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಮಾಡಿದ್ದು ಒಂದೇ ಕೆಲಸ. ನನಗೂ ಹೇಳದೆ ಆ ಪ್ರೊಫೆಸರಿಗೆ ಮತ್ತೆ ಬರೆದಳು. ನಾನು ಎಲ್ಲಿ ಕಡಿಮೆಯಾದೆ, ದಯವಿಟ್ಟು ತಿಳಿಸಿ.

ಉತ್ತರ ಬಂದ ಶುಕ್ರವಾರ ನಾವು ಮೂವರೂ ಸ್ಟಾಫ್ ರೂಮಿನಲ್ಲಿದ್ದೆವು. ತಮ್ಮಯ್ಯ ಸರ್ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಆಫ್ರೀನ್ ಮೊಬೈಲನ್ನು ನನ್ನ ಮುಂದಿಟ್ಟಳು.

"ಓದಿ ಅಕ್ಕ. ಸರ್‌ಗೂ ಕೇಳುಸ್ಲಿ."

ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ನಿಮಗೆ ನೀರಿನ ಬಗ್ಗೆ ಇರುವ ತಿಳಿವು ಉಳಿದ ಮೂವರಿಗೂ ಇರಲಿಲ್ಲ. ನಾನು ನಿಮ್ಮ ಪರವಾಗಿಯೇ ಇದ್ದೆ. ಆದರೆ ಈ ಕೆಲಸದಲ್ಲಿ ನಮ್ಮದೇ ಹಳೆಯ ಲೆಕ್ಕಗಳನ್ನು ಪ್ರಶ್ನಿಸಬೇಕಾಗುತ್ತದೆ. ನಾನೇ ತಪ್ಪಿದಾಗ ತಪ್ಪು ಅನ್ನುವವರು ಬೇಕು. ನಿಮ್ಮ ಮೇಷ್ಟ್ರ ಪತ್ರ ನಿಮ್ಮ ನಡತೆಯನ್ನು ತುಂಬ ಹೊಗಳುತ್ತದೆ, ನೀವು ಹೇಗೆ ಯೋಚಿಸುತ್ತೀರಿ ಎಂದು ಒಂದು ಮಾತೂ ಹೇಳುವುದಿಲ್ಲ. ಸಂದರ್ಶನದಲ್ಲಿ ನಾನು ಬೇಕೆಂದೇ ಅದನ್ನು ಕೇಳಿದೆ, ನಿಮಗೊಂದು ಅವಕಾಶವಿರಲಿ ಎಂದು. ಈ ಯೋಜನೆಯಲ್ಲಿ ಇನ್ನು ಬೇರೆ ಜಾಗವಿಲ್ಲ. ಕ್ಷಮಿಸಿ.

ತಮ್ಮಯ್ಯ ಸರ್ ಪೆನ್ನು ಕೆಳಗಿಟ್ಟರು.

"ಅಲ್ಲಾ, ಬಾವಿ ಇಚಾರ ಬರೀಲಿಲ್ವಾ ನೀವು?"

ಆಫ್ರೀನ್ ಮೊಬೈಲನ್ನು ನನ್ನ ಮುಂದಿನಿಂದ ಎತ್ತಿಕೊಂಡಳು.

"ಅದೇ ಅಲ್ವೇನವ್ವ ಬರೀಬೇಕಾಗಿದ್ದು! ಮೂವತ್ತು ವರ್ಷ ಪಾಠ ಮಾಡಿವ್ನಿ. ಒಬ್ಬ, ಒಬ್ಬ ಎದ್ದು ನಿಂತು ನೀವ್ ಮಾಡಿರೋದು ತಪ್ಪು ಸಾ ಅಂದಿಲ್ಲ. ಇವ್ಳು ಅಂದ್ಳು. ಊರೋರ್ಗೆಲ್ಲ ಹೇಳ್ಕೊಂಡ್ ತಿರುಗ್ತೀನಿ ನಾನು, ನಮ್ಮನೇಲಿ ಕೇಳಿ ಬೇಕಾದ್ರೆ. ಅದುನ್ನೇ ಬುಟ್ಬುಟ್ರಾ?"

"ನೀವು ಓದ್ಬೇಕಾಗಿತ್ತು ಸಾರ್" ಅಂದೆ. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು.

ಅವರು ನನ್ನನ್ನು ನೋಡಲಿಲ್ಲ. ಉತ್ತರ ಪತ್ರಿಕೆಗಳ ಕಟ್ಟನ್ನು ಎಳೆದುಕೊಂಡು ದಾರ ಕಟ್ಟತೊಡಗಿದರು. ಗಂಟು ಸರಿಯಾಗಿ ಬೀಳದೆ ಮತ್ತೆ ಬಿಚ್ಚಿದರು. "ಓದ್ಬೇಕಾಗಿತ್ತು" ಅಂದರು ಕೊನೆಗೆ. "ಸೈನ್ ಹಾಕೋ ಮುಂಡೇದು ಓದ್ಬೇಕಾಗಿತ್ತು."

ಸಂಜೆ ಮೈಸೂರು ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತೆವು, ದಿನಾ ಕೂರುವ ಹಾಗೆ. ನಾನು ಮೈಸೂರಿನವರೆಗೆ, ಅವಳು ಶ್ರೀರಂಗಪಟ್ಟಣದವರೆಗೆ. ಕ್ಷಮೆ ಕೇಳಬೇಕೆಂದು ಕಾಲೇಜಿನ ಗೇಟಿನಿಂದಲೇ ಮಾತು ಜೋಡಿಸುತ್ತಿದ್ದೆ. ಮೈಕಿನ ಮುಂದೆ ಸಲೀಸಾಗಿ ಬರುವ ಮಾತು ಅಲ್ಲಿ ಒಂದೂ ಬರಲಿಲ್ಲ. ಅವಳೇ ಶುರು ಮಾಡಿದಳು.

"ಅಕ್ಕ, ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬೇಡಿ."

"ಕೇಳು."

"ನಿಮ್ ತಂಗಿ ಮಗಳು ಶ್ವೇತಂಗೂ ಹೋದ್ವರ್ಷ ಇಂಥದೇ ಪತ್ರ ತಿದ್ದುದ್ರಲ್ಲ, ಬೆಂಗಳೂರಿನ ಸಂಸ್ಥೆಗೆ. ನಂಗೆ ಮಾದರಿ ಅಂತ ಅದುನ್ನೇ ಕಳ್ಸಿದ್ರಿ. ಅದ್ರಲ್ಲಿ, ಒಪ್ಪಿಸದೆ ಇವಳು ಏನನ್ನೂ ಒಪ್ಪುವವಳಲ್ಲ, ಅದೇ ಇವಳ ಶಕ್ತಿ ಅಂತ ಬರ್ದಿದ್ರಿ. ನೀವೇ ಸೇರ್ಸಿದ್ ಸಾಲು. ನಾನು ಅದುನ್ನ ನೋಡೇ ಬಾವಿ ಇಚಾರ ಬರ್ದಿದ್ದು."

ಬಸ್ಸು ರೈಲ್ವೆ ಗೇಟಿನ ಮುಂದೆ ನಿಂತಿತು. ಕಡಲೆಕಾಯಿ ಮಾರುವವಳು ಕಿಟಕಿಗೆ ಬಂದಳು. ಆಫ್ರೀನ್ ಬೇಡವೆಂದು ಕೈ ಆಡಿಸಿದಳು.

"ನನ್ನ ಹೆಸ್ರು ನೋಡಿ ಹೊಡ್ದಾಕುದ್ರಾ ಅಕ್ಕ?"

ಇಲ್ಲ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಕನಿಷ್ಠ ನಂಬಿದ ಹಾಗೆ ಇರುತ್ತಿದ್ದಳು. ಕೆಂಪು ಪೆನ್ನು ಹಿಡಿದಾಗ ನನ್ನ ತಲೆಯಲ್ಲಿ ಏನಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತುರುಕರ ಹುಡುಗಿ, ವೀಸಾ ಕೊಡುವವರು ಹೆಸರು ನೋಡುತ್ತಾರೆ, ತಂಟೆಯವಳು ಅನ್ನಿಸಬಾರದು, ಪಾಪ, ಮೆತ್ತಗಿದ್ದಷ್ಟೂ ಒಳ್ಳೆಯದು. ಪಾಪ ಅಂದುಕೊಂಡೇ ಮಾಡಿದ್ದೆ. ಪ್ರೀತಿಯಿಂದಲೇ ಮಾಡಿದ್ದೆ. ಬೀದಿಯಲ್ಲಿ ನಿಂತು ಯಾರ ವಿರುದ್ಧ ಕೂಗುತ್ತಿದ್ದೆನೋ ಅವರು ದ್ವೇಷದಿಂದ ಮಾಡುವುದನ್ನು ನಾನು ಅಕ್ಕರೆಯಿಂದ ಮಾಡಿ ಮುಗಿಸಿದ್ದೆ.

"ಹೂಂ" ಅಂದೆ.

ಅವಳು ತಲೆಯಾಡಿಸಿದಳು. ರೈಲು ಬಂದು ಹೋಯಿತು. ಗೇಟು ಎತ್ತಿದರು.

"ನಾನೂ ಅದುಕ್ಕೇ ಒಪ್ಕೊಂಡಿದ್ದು" ಅಂದಳು. "ಅವತ್ತೇ ಗೊತ್ತಾಯ್ತು ನಂಗೆ. ಆದ್ರೂ ಸರಿನೇ ಅಂದೆ. ಅದೇ ನಂಗೆ ತಡ್ಕಳಕ್ಕಾಯ್ತಿಲ್ಲ ಅಕ್ಕ. ನಿಮ್ದಲ್ಲ. ನಾನು ಸರಿನೇ ಅಂದಿದ್ದು."

ಅವಳ ಕೈ ಹಿಡಿದುಕೊಂಡೆ. ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ನನ್ನ ಅಂಗೈಯಲ್ಲಿ ಸುಮ್ಮನೆ ಇತ್ತು. ಮುಂದಿನ ತಿಂಗಳಿಂದ ಅವಳಿಗೆ ಕಾಲೇಜಿಲ್ಲ. ಶ್ರೀರಂಗಪಟ್ಟಣದ ಒಂದು ಟ್ಯೂಷನ್ನಿನವರು ಕರೆದಿದ್ದಾರಂತೆ, ಹತ್ತನೇ ಕ್ಲಾಸಿನ ಮಕ್ಕಳಿಗೆ. ಅದನ್ನೂ ಅವಳೇ ಹೇಳಿದಳು, ಕಿಟಕಿಯ ಆಚೆ ನೋಡುತ್ತಾ. ನಾವಿಬ್ಬರೂ ಇನ್ನು ಈ ಬಸ್ಸಿನಲ್ಲಿ ಜೊತೆಯಾಗಿ ಕೂರುವುದು ಹದಿನಾಲ್ಕು ದಿನ ಎಂದು ನಾನು ಲೆಕ್ಕ ಹಾಕಿದೆ. ಅಷ್ಟು ದಿನ ಅವಳು ಈ ಸೀಟಿಗೆ ಬರುತ್ತಾಳೆಯೇ ಎಂದು ಕೇಳುವ ಧೈರ್ಯ ಬರಲಿಲ್ಲ.

ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ಅವಳು ಇಳಿದಳು. "ಬರ್ತೀನಿ ಅಕ್ಕ" ಅನ್ನುವುದನ್ನು ಮರೆಯಲಿಲ್ಲ. ಶಹಾಬುದ್ದೀನ್ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವಳ ಬ್ಯಾಗು ಇಸಕೊಂಡು, ಪಕ್ಕದ ಸೀಟಿನ ಧೂಳನ್ನು ಟವೆಲಿನಿಂದ ಒರೆಸಿದರು. ಆಮೇಲೆ ತಲೆ ಎತ್ತಿ ಬಸ್ಸಿನ ಕಿಟಕಿಗಳನ್ನು ಒಂದೊಂದಾಗಿ ಹುಡುಕಿ, ನನ್ನನ್ನು ಕಂಡು, ಎದೆಯ ಮೇಲೆ ಕೈಯಿಟ್ಟು ಬಾಗಿದರು.

"ನಿಮ್ದೇನೂ ಕಮ್ಮಿ ಆಗ್ಲಿಲ್ಲ ಮೇಡಮ್" ಎಂದು ಕೂಗಿದರು, ಎಂಜಿನ್ ಸದ್ದಿನ ಮೇಲೆ. "ನೀವ್ ಪಟ್ಟ ಪಾಡು ನಮ್ಗ್ ಗೊತ್ತು!"

ಆಫ್ರೀನ್ ತಂದೆಯ ಮುಖ ನೋಡಿದಳು. ಆಮೇಲೆ ಆಟೋ ಹತ್ತಿ ಕೂತಳು. ನಾನು ಕಿಟಕಿಯಲ್ಲಿ ಕೈ ಎತ್ತಿದೆ.